ಎರೆ ಮಣ್ಣಿಗೆ ಯಾವ ತೇವದ ಸೆನ್ಸರ್: ಒಂದೇ ಪ್ರೋಬೋ, ಆಳಕ್ಕೊಂದು ಬಿಡಿಯೋ?

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: 15, 30, 60 ಸೆಂ.ಮೀ. ಆಳಕ್ಕೆ ಒಂದೊಂದರಂತೆ ಬಿಡಿ ಕೆಪ್ಯಾಸಿಟಿವ್ ಸೆನ್ಸರ್ ಹೂಳಿ, ಆಯಾ ಆಳದ ಮಣ್ಣಿಗೆ ನಾವೇ ಕ್ಯಾಲಿಬ್ರೇಟ್ ಮಾಡಿಕೊಳ್ಳುವುದು, ಅಂದರೆ ಸೆನ್ಸರಿನ ರೀಡಿಂಗನ್ನು ಮಣ್ಣಿನ ನಿಜವಾದ ತೇವಕ್ಕೆ ಹೊಂದಿಸಿಕೊಳ್ಳುವುದು. ಪುಣೆಯಿಂದ ದಿವೆ ಘಾಟು ಹತ್ತಿ ಇಳಿದರೆ ಸಾಸವಡ. ಅಲ್ಲಿ ಭಾವನವರದೂ ನಮ್ಮದೂ ಸೇರಿ ಒಂದು ಅಂಜೂರದ ತೋಟವಿದೆ. ಅಲ್ಲಿಗೆ ಮೊದಲು ಬಂದದ್ದು ದುಬಾರಿ ಪ್ರೋಬ್. ಉದ್ದ ಕೋಲಿನಂಥದ್ದು, ಒಳಗೇ ಮೂರು ಆಳದ ಸೆನ್ಸರು. ‘ಕಪ್ಪು ಮಣ್ಣಿಗೆ ಕಂಪನಿಯಲ್ಲೇ ಸೆಟ್ ಆಗಿದೆ, ನೀವೇನೂ ಮಾಡಬೇಕಾಗಿಲ್ಲ’ ಅಂದಿದ್ದರು ಮಾರಿದವರು.

ಮಳೆಗಾಲ ಮುಗಿಯುವ ತನಕ ತಕರಾರಿಲ್ಲ. ಬಿಸಿಲು ಏರಿದ ಮೇಲೆ 30 ಸೆಂ.ಮೀ. ರೀಡಿಂಗ್ ದಿಢೀರನೆ ಕುಸಿಯಿತು. ಅದೇ ಆಳದ ಮಣ್ಣನ್ನು ಪಕ್ಕದಲ್ಲಿ ಅಗೆದು ತೆಗೆದರೆ ಅಂಗೈಯಲ್ಲಿ ಉಂಡೆ ಕಟ್ಟುತ್ತಿತ್ತು. ಡ್ರಿಪ್ ಬಿಟ್ಟಾಗ ಇನ್ನೂ ವಿಚಿತ್ರ: 30 ಅಲುಗುವ ಮೊದಲೇ 60 ಸೆಂ.ಮೀ. ಒದ್ದೆ ತೋರಿಸಿತು. ಬುಡದಲ್ಲಿ ಕೂತು ನೋಡಿದೆ. ಕೋಲಿನ ಸುತ್ತ ಮಣ್ಣು ಬಿಟ್ಟುಕೊಂಡಿತ್ತು, ಸ್ಟೀಲ್ ಸ್ಕೇಲು ಆ ಸಂದಿಯಲ್ಲಿ ತಡೆಯಿಲ್ಲದೆ ಇಳಿಯಿತು.

ಈ ಸೆನ್ಸರುಗಳು ನೀರನ್ನು ನೇರವಾಗಿ ಅಳೆಯುವುದಿಲ್ಲ, ಮಣ್ಣಿನ ಡೈಎಲೆಕ್ಟ್ರಿಕ್ ಗುಣವನ್ನು, ಅಂದರೆ ಅದು ವಿದ್ಯುತ್ ಶಕ್ತಿಯನ್ನು ಎಷ್ಟು ಹಿಡಿದಿಡಬಲ್ಲದು ಎಂಬುದನ್ನು ಅಳೆಯುತ್ತವೆ. ನೀರಿಗೆ ಅದು ಸುಮಾರು 80, ಒಣ ಮಣ್ಣಿಗೆ 3ರಿಂದ 5, ಗಾಳಿಗೆ 1. ಕೋಲಿಗೂ ಮಣ್ಣಿಗೂ ನಡುವೆ ಗಾಳಿ ನುಗ್ಗಿದರೆ ಹಸಿ ಮಣ್ಣೂ ಒಣಗಿದಂತೆ ಕಾಣುತ್ತದೆ. ಮೇಲಿಂದ ಬಿದ್ದ ನೀರು ಅದೇ ಸಂದಿ ಹಿಡಿದು ನೇರ ತಳಕ್ಕೆ ಹೋಗುತ್ತದೆ. ಎರೆ ಒಣಗಿದರೆ ಕುಗ್ಗಿ ಬಿರಿಯುತ್ತದೆ, ನೆನೆದರೆ ಹಿಗ್ಗುತ್ತದೆ. ಹಾಗಾಗಿ ಸಂದಿ ಇಂದು ಇದ್ದಷ್ಟು ನಾಳೆ ಇರುವುದಿಲ್ಲ. ಇದನ್ನು ಯಾವ ಸೂತ್ರವೂ ಸರಿಪಡಿಸಲಾರದು. ದೂರು ಕೊಟ್ಟರೆ ‘ಆ್ಯಪ್‌ನಲ್ಲಿ ನಂಬರ್ ಬದಲಿಸಿ’ ಎಂಬ ಉತ್ತರ ಬಂತು. ಆ ನಂಬರಾದರೂ ಮೂರೂ ಆಳಕ್ಕೆ ಒಂದೇ! ನಮ್ಮಲ್ಲಿ ಮೇಲೆ ಒಂದೂವರೆ ಅಡಿ ಎರೆ, ಕೆಳಗೆ ಇಲ್ಲಿಯವರು ಮುರುಮ್ ಅನ್ನುವ ಗರಸು. ಎರಡಕ್ಕೂ ಒಂದೇ ಲೆಕ್ಕ ಹೇಗೆ ಹೊಂದುತ್ತದೆ? ಮಣ್ಣಿನ ರಾಡಿ ಸುರಿದು ಸಂದಿ ಮುಚ್ಚಿದೆವು. ಒಣಗಿದಾಗ ರಾಡಿಯೂ ಬಿರಿಯಿತು.

ಬಿಡಿ ಸೆನ್ಸರುಗಳನ್ನು ಪುಣೆಯ ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ತಂದೆ, ಒಂದಕ್ಕೆ 200 ರೂಪಾಯಿಯೊಳಗೆ. ಅಂಚಿನಿಂದ ನೀರು ಹೀರಿ ಕೆಡುವ ಚಾಳಿ ಇವಕ್ಕಿದೆ. ಅಂಚಿಗೂ ಮೇಲಿನ ಸರ್ಕ್ಯೂಟಿಗೂ ಎಪಾಕ್ಸಿ (ನೀರು ತಡೆಯುವ ಗಟ್ಟಿ ಅಂಟು) ಬಳಿಯಲೇಬೇಕು, ಕ್ಯಾಲಿಬ್ರೇಶನ್ ಬಳಿದ ನಂತರವೇ ಮಾಡಬೇಕು. ಗಿಡದ ಪಕ್ಕ ಗುಂಡಿ ತೋಡಿ, ಅಗೆಯದ ಗೋಡೆಯೊಳಕ್ಕೆ ಅಡ್ಡಲಾಗಿ ತಳ್ಳಿ, ಮೇಲೆ ಮಣ್ಣು ತುಂಬಿ ತುಳಿದೆವು. ಮೇಲಿನ ಮಣ್ಣಿನ ಭಾರ ಸೆನ್ಸರನ್ನು ಒತ್ತಿ ಹಿಡಿಯುತ್ತದೆ, ಸಂದಿ ಬೀಳುವುದು ಬಹಳ ಕಡಿಮೆ. ಮುರುಮಿನಲ್ಲಿ ಮಾತ್ರ ತಳ್ಳಿದರೆ ಮುರಿಯುತ್ತದೆ. ಉಳಿಯಿಂದ ಸೀಳು ಮಾಡಿ, ಜರಡಿ ಹಿಡಿದ ಮುರುಮನ್ನೇ ಗಿಡಿದು ಕೂರಿಸಬೇಕು.

ಗಾಳಿಯಲ್ಲಿ ಹಿಡಿದದ್ದು ಸೊನ್ನೆ, ಲೋಟದ ನೀರಲ್ಲಿ ಅದ್ದಿದ್ದು ನೂರು ಅಂತ ವಿಡಿಯೋಗಳಲ್ಲಿ ತೋರಿಸುತ್ತಾರಲ್ಲ, ಅದನ್ನು ನಂಬಬೇಡಿ. ನಡುವೆ ಮಣ್ಣು ಸರಳ ರೇಖೆಯಲ್ಲಿ ನಡೆಯುವುದಿಲ್ಲ. ಜಾಗವನ್ನು ಪೂರ್ತಿ ನೆನೆಸಿ, ಅದು ಒಣಗುತ್ತ ಹೋದಂತೆ ಸೆನ್ಸರಿನ ವೋಲ್ಟೇಜ್ ಬರೆದುಕೊಂಡು, ಅದೇ ಹೊತ್ತಿಗೆ ಅದೇ ಆಳದಿಂದ 100 ಘನ ಸೆಂ.ಮೀ. ಹಿಡಿಯುವ, ಎರಡೂ ಕಡೆ ತೆರೆದ ಸ್ಟೀಲ್ ಬಳೆಯಲ್ಲಿ ಮಣ್ಣು ತೆಗೆಯಬೇಕು. ಒಂದು ಸಲದ ಲೆಕ್ಕ ನೋಡಿ: ಹಸಿ ತೂಕ 172 ಗ್ರಾಂ, ಒಟಿಜಿಯಲ್ಲಿ (ಅಡುಗೆಮನೆಯ ಕರೆಂಟ್ ಓವನ್) 105 ಡಿಗ್ರಿಗೆ 24 ಗಂಟೆ ಇಟ್ಟ ಮೇಲೆ 135. ಹೋದ ನೀರು 37 ಗ್ರಾಂ; ಒಂದು ಗ್ರಾಂ ನೀರು ಒಂದು ಘನ ಸೆಂ.ಮೀ., ಅಂದರೆ ಗಾತ್ರದ ಶೇ. 37. ಎರೆ ಕುಗ್ಗಿದಂತೆ ಅದರ ಸಾಂದ್ರತೆಯೂ ಬದಲಾಗುವುದರಿಂದ ಪ್ರತಿ ಸಲ ಬಳೆ ಹಾಕುವುದೇ ಸರಿ; ಒಮ್ಮೆ ಸಾಂದ್ರತೆ ತೆಗೆದು ಅದರಿಂದಲೇ ಗುಣಿಸುತ್ತ ಹೋದರೆ ತಪ್ಪುತ್ತದೆ. ಗರಸಿನಲ್ಲಿ ಬಳೆ ಇಳಿಯದು. ಅಲ್ಲಿ ಸಣ್ಣ ಕುಳಿ ತೋಡಿ, ಒಳಗೆ ತೆಳು ಪ್ಲಾಸ್ಟಿಕ್ ಹಾಸಿ, ಎಷ್ಟು ನೀರು ಹಿಡಿಯಿತೆಂದು ಅಳೆದರೆ ಗಾತ್ರ ಸಿಗುತ್ತದೆ. ವೋಲ್ಟೇಜಿಗೆ ಎದುರಾಗಿ ನೀರಿನ ಶೇಕಡವನ್ನು ಗ್ರಾಫ್‌ನಲ್ಲಿ ಗುರುತಿಸಿದರೆ ಹೀಗೆ ಪ್ರತಿ ಆಳಕ್ಕೂ ಬೇರೆ ಗೆರೆ ಬರುತ್ತದೆ. ನಮ್ಮ 60ರ ಗೆರೆಗೂ 15ರದಕ್ಕೂ ಹೋಲಿಕೆಯೇ ಇಲ್ಲ.

15 ಸೆಂ.ಮೀ. ಸೆನ್ಸರ್ ಬಿಸಿಲಿಗೆ ಏರುಪೇರಾಗುತ್ತದೆ, ರೀಡಿಂಗ್ ನಸುಕಿನಲ್ಲಿ ತೆಗೆದುಕೊಳ್ಳಿ.

ಟೆನ್ಸಿಯೋಮೀಟರನ್ನೂ (ತುದಿಗೆ ಪಿಂಗಾಣಿ ಬಟ್ಟಲಿರುವ, ನೀರು ತುಂಬಿದ ಕೊಳವೆ) ಹಾಕಿ ನೋಡಿದೆವು. ಬೇರು ನೀರೆಳೆಯಲು ಎಷ್ಟು ಕಷ್ಟಪಡುತ್ತಿದೆ ಎಂಬುದನ್ನೇ ಅದು ತೋರಿಸುವುದರಿಂದ ಮಣ್ಣಿಗೆ ತಕ್ಕ ಕ್ಯಾಲಿಬ್ರೇಶನ್ ಬೇಡ, ಅದು ಅದರ ದೊಡ್ಡ ಗುಣ. ಆದರೆ ಮಣ್ಣು ಒಣಗಿ ಅದರ ಎಳೆತ 80 ಕಿಲೋಪ್ಯಾಸ್ಕಲ್ ಸುತ್ತಮುತ್ತ ಬಂದರೆ ಗಾಳಿ ಹೊಕ್ಕು ನಿಂತುಬಿಡುತ್ತದೆ, ಮತ್ತೆ ನೀರು ತುಂಬಬೇಕು. ವಾರಕ್ಕೊಮ್ಮೆ ತೋಟಕ್ಕೆ ಹೋಗುವ ನಮಗೆ ಒಗ್ಗಲಿಲ್ಲ. ದಿನವೂ ಹೊಲದಲ್ಲಿರುವವರು ಧಾರಾಳವಾಗಿ ತೆಗೆದುಕೊಳ್ಳಬಹುದು.

ಪ್ರೋಬ್ ಯಾರಿಗೂ ಬೇಡವೆನ್ನಲಾರೆ. ಹೊಳೆ ದಂಡೆಯ ಮೆಕ್ಕಲು ಮಣ್ಣು, ಬಿರುಕು ಬಿಡದ್ದು, ಆಳದವರೆಗೂ ಒಂದೇ ಬಗೆಯದು ಇದ್ದರೆ ಹಾಕಿಸಿ; ಆಗಲೂ ಒಂದೆರಡು ಬಳೆ ಮಣ್ಣು ಒಣಗಿಸಿ ತಾಳೆ ನೋಡಿ. ಎರೆ ಹೊಲದವರು ಆ ದುಡ್ಡಿನಲ್ಲಿ ಒಂದು ಡಿಜಿಟಲ್ ತಕ್ಕಡಿ, ಮಣ್ಣಿಗೆಂದೇ ಮೀಸಲಾದ ಒಂದು ಒಟಿಜಿ, ನಾಲ್ಕಾರು ಬಳೆ ಕೊಂಡರೆ ತೋಟದ ಮೂಲೆಮೂಲೆಗೂ ಸೆನ್ಸರ್ ಹೂಳುವಷ್ಟು ಹಣ ಇನ್ನೂ ಉಳಿಯುತ್ತದೆ.