ಹಳೆ ಡೆಸ್ಕ್‌ಟಾಪ್‌ನ ನೀಲಿ ಪರದೆ: ರಿಪೇರಿಯೋ, ಹೊಸ ವಿಂಡೋಸೋ?

ಕಲಬುರಗಿಯ ಬಿಸಿಲಲ್ಲಿ ನಮ್ಮ ಹಳೆ ಡೆಸ್ಕ್‌ಟಾಪ್ 'ಸಿಸ್ಟಮ್ ಸರ್ವಿಸ್ ಎಕ್ಸೆಪ್ಷನ್' ಎಂದು ನೀಲಿ ಪರದೆ ತೋರಿಸಿ ಪದೇ ಪದೇ ರೀಸ್ಟಾರ್ಟ್ ಆಗುತ್ತಿತ್ತು. ಅಂಗಡಿಯಲ್ಲಿ ಒಂದೇ ಮಾತು: ವಿಂಡೋಸ್ ಹೊಸದಾಗಿ ಹಾಕಿಸಿ. ನಾನು ಮೊದಲು ರಿಪೇರಿ ಮಾಡಿ ಅಂತೀನಿ.

ಈ ದೋಷಕ್ಕೆ ಹೆಚ್ಚಾಗಿ ಕಾರಣ ಕೆಟ್ಟ ಡ್ರೈವರ್, ಅಂದರೆ ಕಂಪ್ಯೂಟರ್‌ನ ಭಾಗಗಳು ವಿಂಡೋಸ್ ಜೊತೆ ಕೆಲಸ ಮಾಡುವಂತೆ ಮಾಡುವ ಸಾಫ್ಟ್‌ವೇರ್. ನೀಲಿ ಪರದೆಯಲ್ಲಿ 'ಡಾಟ್ ಸಿಸ್' ಎಂದು ಮುಗಿಯುವ ಫೈಲ್ ಹೆಸರು ಕಂಡರೆ ಫೋಟೊ ತೆಗೆದುಕೊಳ್ಳಿ. ಅದು ಗ್ರಾಫಿಕ್ಸ್‌ನದ್ದಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳೆ ಡ್ರೈವರ್‌ಗೆ ಮರಳಿ. ನಂತರ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಮೊದಲು ಡಿಸ್ಮ್, ಆಮೇಲೆ ಎಸ್‌ಎಫ್‌ಸಿ ಓಡಿಸಿ; ಎರಡೂ ವಿಂಡೋಸ್‌ನ ಕೆಟ್ಟ ಫೈಲ್‌ಗಳನ್ನು ಸರಿಪಡಿಸುವ ಕಮಾಂಡ್‌ಗಳು. ಡಿಸ್ಮ್‌ಗೆ ಸಾಮಾನ್ಯವಾಗಿ ಇಂಟರ್ನೆಟ್ ಬೇಕು. ಸಮಯ ಹಿಡಿಯುತ್ತದೆ, ಆದರೆ ನಿಮ್ಮ ಫೈಲ್ ಒಂದೂ ಹೋಗುವುದಿಲ್ಲ. ರ‍್ಯಾಮ್ ಪರೀಕ್ಷಿಸುವ ವಿಂಡೋಸ್‌ನದೇ ಮೆಮೊರಿ ಡಯಾಗ್ನೋಸ್ಟಿಕ್ ಕೂಡ ಒಮ್ಮೆ ನೋಡಿ. ನಮ್ಮ ಕಡೆ ಧೂಳು ಜಾಸ್ತಿ ಅಲ್ವಾ, ಪ್ಲಗ್ ಕಿತ್ತು ಫ್ಯಾನ್ ಒರೆಸಿ, ರ‍್ಯಾಮ್ ತೆಗೆದು ಮತ್ತೆ ಕೂರಿಸಿ. ನಮ್ಮದು ಇಷ್ಟಕ್ಕೇ ಸರಿಹೋಯಿತು.

ಹೊಸದಾಗಿ ಹಾಕಿದರೆ ಸಾಫ್ಟ್‌ವೇರ್ ಕಸವೆಲ್ಲ ಹೋಗುತ್ತದೆ, ನಿಜ. ಆದರೆ ನುಡಿ, ಪ್ರಿಂಟರ್ ಡ್ರೈವರ್, ಎಲ್ಲವನ್ನೂ ಮತ್ತೆ ಹಾಕಬೇಕು. ಡಿ ಡ್ರೈವ್‌ನಲ್ಲಿ ಫೋಟೊ ಇದ್ದರೂ ಮೊದಲು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ರ‍್ಯಾಮ್ ಕೆಟ್ಟಿದ್ದರೆ ಹೊಸ ವಿಂಡೋಸ್‌ನಲ್ಲೂ ಅದೇ ನೀಲಿ ಪರದೆ, ಸುಮ್ನೆ ಖರ್ಚು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆ ಮೆಷಿನ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ 10 ಹಾಕಿಸೋಣವೆಂದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ರ‍್ಯಾಮ್, ಡಿಸ್ಕ್ ಎರಡೂ ಸರಿಯಿದ್ದು, ರಿಪೇರಿ ಆದ ಮೇಲೂ ದೋಷ ಬಂದರೆ ಮಾತ್ರ ಹೊಸದಾಗಿ ಹಾಕಿಸಿ.