ಅನ್ನನಾಳದ ಕ್ಯಾನ್ಸರಿಗೆ ಪ್ರೊಟೀನ್ ಪರೀಕ್ಷೆ: ಯಾವುದಕ್ಕೆ ದುಡ್ಡು ಕೊಡಬೇಕು?

ಕಾಸರಗೋಡಿನ ಕಡೆಯಿಂದ ಮಂಗಳೂರಿನ ಲ್ಯಾಬಿಗೆ ಹೋಗುವ ಪ್ರೊಟೀನ್ ಪರೀಕ್ಷೆಗಳಲ್ಲಿ ಎರಡು ಬಗೆ: ರಕ್ತದ್ದು, ಬಯಾಪ್ಸಿ ತುಣುಕಿನದ್ದು.

ಕಾಯಿಲೆ ಇದೆಯೇ ಎಂದು ನೋಡಲು ರಕ್ತದ ಪ್ಯಾಕೇಜ್ ಬೇಡ. ಗಡ್ಡೆ ಸಣ್ಣದಿದ್ದಾಗ ಸಿಇಎ, ಎಸ್‌ಸಿಸಿ ಆಂಟಿಜನ್ (ಗಡ್ಡೆಯಿದ್ದರೆ ರಕ್ತದಲ್ಲಿ ಏರುವ ಪ್ರೊಟೀನ್‌ಗಳು) ನಾರ್ಮಲ್ ಬರಬಹುದು. ಚರ್ಮರೋಗ, ಕಿಡ್ನಿ ತೊಂದರೆ ಇದ್ದರೆ ಕ್ಯಾನ್ಸರ್ ಇಲ್ಲದೆಯೂ ಎಸ್‌ಸಿಸಿ ಏರುತ್ತದೆ. ಅನ್ನ ಇಳಿಯದಿದ್ದರೆ ಆ ದುಡ್ಡು ಎಂಡೋಸ್ಕೋಪಿಗೆ ಇರಲಿ.

ಬಯಾಪ್ಸಿಯ ಐಎಚ್‌ಸಿ (ಬಣ್ಣ ಹಿಡಿಸಿ ಪ್ರೊಟೀನ್ ಹುಡುಕುವ ಪರೀಕ್ಷೆ) ಮಾತ್ರ ಕೊಟ್ಟ ಹಣಕ್ಕೆ ತಕ್ಕದ್ದು, ಸರಿಯಾದದ್ದನ್ನು ಕೇಳಿದರೆ. ಮೊದಲು ಕ್ಯಾನ್ಸರಿನ ಜಾತಿ ಗೊತ್ತಾಗಬೇಕು. ಅಡಿಕೆ, ಹೊಗೆಸೊಪ್ಪು, ಬೀಡಿಯ ನಮ್ಮ ಕಡೆ ಹೆಚ್ಚಾಗಿ ಕಾಣುವುದು ಸ್ಕ್ವಾಮಸ್ (ಒಳಪದರದ ಚಪ್ಪಟೆ ಕೋಶಗಳದ್ದು). ಅನುಮಾನವಿದ್ದರೆ ಪಿ40 ಎಂಬ ಪ್ರೊಟೀನಿನ ಪರೀಕ್ಷೆ ತೀರ್ಮಾನ ಹೇಳುತ್ತದೆ. ಹರ್2 (ಗಡ್ಡೆಕೋಶದ ಮೇಲಿನ ಒಂದು ಪ್ರೊಟೀನ್) ಪರೀಕ್ಷೆ ಬೇಕಾಗುವುದು ಅಡಿನೋಕಾರ್ಸಿನೋಮಕ್ಕೆ, ಅಂದರೆ ಗ್ರಂಥಿಕೋಶದ ಕ್ಯಾನ್ಸರಿಗೆ. ಬಣ್ಣದ ಅಂಕ 3+ ಬಂದರೆ ಹರ್2 ತಡೆಯುವ ಔಷಧಿ ಟ್ರಾಸ್ಟುಜುಮಾಬ್ ವಿಚಾರ ಏಳುತ್ತದೆ, 2+ ಬಂದರೆ ಫಿಶ್ (ಹರ್2 ಜೀನಿನ ಪ್ರತಿಗಳನ್ನು ಎಣಿಸುವ ಪರೀಕ್ಷೆ) ಮಾಡಿಸದೆ ಏನೂ ನಿರ್ಧಾರವಾಗದು. ಸ್ಕ್ವಾಮಸ್ ಎಂದು ಬರೆದಿರುವಾಗಲೂ ಹರ್2 ಸೇರಿಸಿದ ಪ್ಯಾಕೇಜ್ ಕೊಟ್ಟರೆ ಯಾಕೆಂದು ಕೇಳಿ.

ಹರಡಿದ ಕಾಯಿಲೆಗೆ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಚಿಕಿತ್ಸೆ) ಯೋಚಿಸುವಾಗ ಪಿಡಿ-ಎಲ್1 ಎಂಬ ಪ್ರೊಟೀನಿನ ಪರೀಕ್ಷೆ ಬೇಕು. ರಿಪೋರ್ಟಿನಲ್ಲಿ ‘ಪಾಸಿಟಿವ್’ ಅಂತ ಒಂದೇ ಪದ ಇದ್ದರೆ ವಾಪಸ್ ಕಳಿಸಿ. ಸಿಪಿಎಸ್ ಅಂಕ (ಗಡ್ಡೆ ಮತ್ತು ರೋಗನಿರೋಧಕ ಕೋಶಗಳಲ್ಲಿ ಪಿಡಿ-ಎಲ್1 ಎಷ್ಟಿದೆ ಎಂಬ ಲೆಕ್ಕ) ಮತ್ತು ಬಳಸಿದ ಕ್ಲೋನ್, ಅಂದರೆ ಪರೀಕ್ಷೆಯ ಆಂಟಿಬಾಡಿಯ ಹೆಸರು (22ಸಿ3ಯಂಥದ್ದು) ಎರಡೂ ಇರಬೇಕು. ಇಮ್ಯುನೊಥೆರಪಿ ಔಷಧಿ ಪೆಂಬ್ರೊಲಿಜುಮಾಬ್‌ನ ಕೀನೋಟ್-590 ಅಧ್ಯಯನದಲ್ಲಿ ಹೆಚ್ಚಿನ ಲಾಭ ಕಂಡದ್ದು ಸಿಪಿಎಸ್ 10 ಅಥವಾ ಮೇಲಿದ್ದವರಲ್ಲಿ. ಲೆಕ್ಕಕ್ಕೆ ಕನಿಷ್ಠ 100 ಜೀವಂತ ಗಡ್ಡೆಕೋಶ ಸಿಗಬೇಕು. ಎರಡು ಚೂರಿನ ಬಯಾಪ್ಸಿ ಎಡವುವುದು ಇಲ್ಲೇ. ಎಂಡೋಸ್ಕೋಪಿಗೆ ಮುಂಚೆಯೇ ಆರೇಳು ಚೂರು ತೆಗೆಯಲು ಹೇಳಿಡಿ.

ಇನ್ನು ಸಾಗಣೆ. ಚೂರುಗಳನ್ನು ತಕ್ಷಣ 10% ಬಫರ್ಡ್ ಫಾರ್ಮಲಿನ್‌ಗೆ ಹಾಕಬೇಕು, ಚೂರಿನ ಹತ್ತು ಪಟ್ಟು ದ್ರವ ಇರಲಿ. ಸಲೈನ್ ಆಗದು. ಫಾರ್ಮಲಿನ್‌ನಲ್ಲಿ ಇರಬೇಕಾದದ್ದು 6ರಿಂದ 72 ಗಂಟೆ. ಕಡಿಮೆಯಾದರೂ ಅತಿಯಾದರೂ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಶನಿವಾರ ಸಂಜೆ ಕೊಟ್ಟ ಡಬ್ಬಿ ಸೋಮವಾರದವರೆಗೆ ಕೌಂಟರಿನಲ್ಲೇ ಕೂತರೆ ಗಡುವಿನ ಬಹುಪಾಲು ಅಲ್ಲೇ ಮುಗಿಯಿತು. ಪ್ಯಾರಾಫಿನ್ ಬ್ಲಾಕ್ (ಚೂರನ್ನು ಮೇಣದಲ್ಲಿ ಕೂರಿಸಿದ ತುಂಡು) ಒಯ್ಯುವುದಾದರೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ಬ್ಲಾಕಿನ ಅಂಚಿನ ನಂಬರೂ ರಿಪೋರ್ಟಿನ ನಂಬರೂ ಒಂದೇ ಇದೆಯಾ ನೋಡಿಯೇ ಸಹಿ ಹಾಕಿ. ಪರೀಕ್ಷೆ ಮುಗಿದ ಮೇಲೆ ಬ್ಲಾಕನ್ನು ವಾಪಸ್ ಕೇಳಿ ಇಸಕೊಳ್ಳಿ; ಇನ್ನೊಂದು ಪರೀಕ್ಷೆ ಬೇಕಾದಾಗ ಅದರಿಂದಲೇ ಸ್ಲೈಡ್ ಕೊಯ್ಯಬಹುದು.