ಮೂರು ಡ್ಯಾಕ್ ಚಿಪ್, ಒಂದು ಡಬ್ಬಿ: ನನ್ನ ಓಟು ಎಡಿ5541ಎಗೆ

ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಗೆದ್ದದ್ದು ಎಡಿ5541ಎ ಎಂಬ ಡ್ಯಾಕ್, ಅಂದರೆ ಬರೆದ ಅಂಕಿಯನ್ನು ವೋಲ್ಟೇಜ್ ಆಗಿ ಬದಲಾಯಿಸುವ ಚಿಪ್. ಆದರೆ ನಾನು ಮೊದಲು ತಂದದ್ದು ಅದಲ್ಲ. ಬೇರೆ ಎರಡು ಚಿಪ್ ತಂದು, ಬೆಸುಗೆ ಹಾಕಿ, ತಲೆ ಕೆಡಿಸಿಕೊಂಡ ಮೇಲೆ ಅದರ ಸರದಿ ಬಂತು.

ನನಗೆ ಬೇಕಿದ್ದದ್ದು 0ಯಿಂದ 2.5 ವೋಲ್ಟ್‌ವರೆಗೆ ಹೇಳಿದಷ್ಟೇ ವೋಲ್ಟೇಜ್ ಕೊಡುವ ಒಂದು ಪುಟ್ಟ ಡಬ್ಬಿ. ನಾನು ಮಾಡುವ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಓದುವ) ಬೋರ್ಡುಗಳು ಸರಿಯಾಗಿ ಓದುತ್ತಿವೆಯೇ ಎಂದು ಅದರಿಂದ ನೋಡಬೇಕು. ವೇಗ ಬೇಡ, ಸೆಕೆಂಡಿಗೆ ಒಂದು ಮೆಟ್ಟಿಲು ಹತ್ತಿದರೂ ನಡೆಯುತ್ತದೆ. ಸೊನ್ನೆಯ ಹತ್ತಿರದ ಹತ್ತಿಪ್ಪತ್ತು ಮಿಲಿವೋಲ್ಟ್ ಮಾತ್ರ ಕರಾರುವಾಕ್ಕಾಗಿ ಬರಬೇಕು. ಸೆನ್ಸರ್‌ಗಳ ಸಿಗ್ನಲ್ ಇರುವುದೇ ಅಲ್ಲಿ ಅಲ್ವಾ?

ಮೊದಲ ಪ್ರಯತ್ನ ಎಂಸಿಪಿ4725. ಮೇಜಿನ ಡ್ರಾಯರ್‌ನಲ್ಲಿ ಬಿದ್ದಿತ್ತು, ಸುಮ್ನೆ ಹಾಕಿ ನೋಡಿದೆ. ಇದಕ್ಕೆ ಬೇರೆ ರೆಫರೆನ್ಸ್ (ಅಳತೆಗೋಲಾಗುವ ಸ್ಥಿರ ವೋಲ್ಟೇಜ್) ಇಲ್ಲ, ಸಪ್ಲೈ ವೋಲ್ಟೇಜೇ ರೆಫರೆನ್ಸ್. ಯುಎಸ್‌ಬಿಯ 5 ವೋಲ್ಟ್ ಕೊಟ್ಟಿದ್ದೆ. ಲ್ಯಾಪ್‌ಟಾಪ್‌ಗೆ ಒಂದು ಹಾರ್ಡ್ ಡ್ರೈವ್ ಚುಚ್ಚಿದ ಕೂಡಲೇ ಔಟ್‌ಪುಟ್ ಕೂಡ ಜಗ್ಗಿತು. 12 ಬಿಟ್, ಅಂದರೆ 4096 ಮೆಟ್ಟಿಲು, ಆದ್ದರಿಂದ ಒಂದೊಂದು ಮೆಟ್ಟಿಲೂ 1.22 ಮಿಲಿವೋಲ್ಟ್. ಕಮಾಂಡ್ ಕೊಟ್ಟರೆ ಬರೆದ ಅಂಕಿಯನ್ನು ಒಳಗಿನ ಈಪ್ರಾಮ್‌ನಲ್ಲಿ (ಪವರ್ ಹೋದರೂ ಮರೆಯದ ಮೆಮೊರಿ) ಉಳಿಸಿಕೊಳ್ಳುವುದು ನನಗೆ ಇಷ್ಟವಾಯಿತು. ಅದು ಬಿಟ್ಟರೆ ಈ ಕೆಲಸಕ್ಕೆ ಅದನ್ನು ಆರಿಸಿದ್ದೇ ನನ್ನ ತಪ್ಪು.

ಎರಡನೆಯದು ಡಿಎಸಿ8562. 16 ಬಿಟ್, ಎರಡು ಚಾನೆಲ್, ಒಳಗೇ 2.5 ವೋಲ್ಟ್ ರೆಫರೆನ್ಸ್, ಒಳಗೇ ಬಫರ್ (ಲೋಡ್ ಹಾಕಿದರೂ ವೋಲ್ಟೇಜ್ ಜಗ್ಗದಂತೆ ನೋಡಿಕೊಳ್ಳುವ ಆಂಪ್ಲಿಫೈಯರ್). ಇನ್ನೇನು ಬೇಕು ಎಂದು ಖುಷಿಯಲ್ಲೇ ಬೆಸುಗೆ ಹಾಕಿದೆ. ಮೊದಲ ಸಂಜೆ ಔಟ್‌ಪುಟ್ ಅಲ್ಲಾಡಲೇ ಇಲ್ಲ. ಒಳಗಿನ ರೆಫರೆನ್ಸ್ ಪವರ್ ಕೊಟ್ಟಾಗ ಆಫ್ ಇರುತ್ತದೆ, 380001 ಎಂಬ ಹೆಕ್ಸ್ ಕಮಾಂಡ್ ಕಳಿಸಿದರೆ ಮಾತ್ರ ಆನ್ ಆಗುತ್ತದೆ. ಡೇಟಾಶೀಟ್‌ನಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ, ಓದದವನು ನಾನು. ಅದೇ ಕಮಾಂಡ್ ಗೇನನ್ನು 2ಕ್ಕೆ ಏರಿಸುತ್ತದೆ, ಅಂದರೆ ಔಟ್‌ಪುಟ್ ರೆಫರೆನ್ಸ್‌ನ ಎರಡರಷ್ಟು, 5 ವೋಲ್ಟ್‌ವರೆಗೆ. ನನಗೆ 2.5 ವೋಲ್ಟ್ ಸಾಕಿತ್ತು, ಹಾಗಾಗಿ ಆಮೇಲೆ ಇನ್ನೊಂದು ಕಮಾಂಡ್ ಕಳಿಸಿ ಗೇನನ್ನು 1ಕ್ಕೆ ಇಳಿಸಿದೆ.

ಆಮೇಲೆ ಸೊನ್ನೆ ಬರೆದೆ. ಮೀಟರ್ 1.6 ಮಿಲಿವೋಲ್ಟ್ ತೋರಿಸಿತು. 10 ಬರೆದೆ, 1.6. 20 ಬರೆದರೂ 1.6. ನಲವತ್ತು ದಾಟಿದ ಮೇಲೆ ಮೆಲ್ಲಗೆ ಏರತೊಡಗಿತು. ಒಳಗಿನ ಬಫರ್‌ಗೆ ಕೆಳಗಿನ ಸಪ್ಲೈ ಅಂದರೆ ಗ್ರೌಂಡ್, ಅದು ಗ್ರೌಂಡ್‌ವರೆಗೆ ಪೂರ್ತಿ ಇಳಿಯಲಾರದು. ಔಟ್‌ಪುಟ್ ಎಷ್ಟು ನೇರವಾಗಿ ಏರುತ್ತದೆ ಎಂಬ ಸರಳರೇಖೆಯ ಲೆಕ್ಕವನ್ನೂ ಡೇಟಾಶೀಟ್ 512ನೇ ಕೋಡ್‌ನಿಂದ (ಕೋಡ್ ಅಂದರೆ ನಾವು ಬರೆಯುವ ಅಂಕಿ) 65,024ರವರೆಗೆ ಎಂದೇ ಕೊಟ್ಟಿದೆ. 16 ಬಿಟ್‌ನಲ್ಲಿ 2.5 ವೋಲ್ಟ್ ಹಂಚಿದರೆ ಒಂದು ಮೆಟ್ಟಿಲು ಸುಮಾರು 38 ಮೈಕ್ರೊವೋಲ್ಟ್, 512 ಮೆಟ್ಟಿಲು 19.5 ಮಿಲಿವೋಲ್ಟ್. ಅಂದರೆ ನನಗೆ ಬೇಕಿದ್ದ ಜಾಗವೇ ಲೆಕ್ಕದಿಂದ ಹೊರಗೆ!

ಹಾಗೆ ಬಂತು ಎಡಿ5541ಎ. ಇದರೊಳಗೆ ಬಫರ್ ಇಲ್ಲ, ರೆಫರೆನ್ಸ್ ಇಲ್ಲ. ಇರುವುದು ರೆಸಿಸ್ಟರ್ ಏಣಿ ಮತ್ತು ಸ್ವಿಚ್‌ಗಳು. ಮೇಲಿನ 4 ಬಿಟ್‌ಗೆ 15 ಸ್ವಿಚ್, ಕೆಳಗಿನ 12 ಬಿಟ್‌ಗೆ ಆರ್-2ಆರ್ ಏಣಿ (ಒಂದು ಅಳತೆಯ ಮತ್ತು ಅದರ ಎರಡರಷ್ಟಿನ ರೆಸಿಸ್ಟರ್‌ಗಳ ಸಾಲು), ಏಣಿಯ ತುದಿ ನೇರವಾಗಿ ಪಿನ್‌ಗೆ. ಸೊನ್ನೆ ಬರೆದರೆ ನನ್ನ ಬೋರ್ಡಿನಲ್ಲಿ 10 ಮೈಕ್ರೊವೋಲ್ಟ್‌ನೊಳಗೆ ಕೂರುತ್ತದೆ. 1 ಬರೆದರೆ ಒಂದು ಮೆಟ್ಟಿಲು ಏರುತ್ತದೆ. ಆ ಒಂದು ಮೆಟ್ಟಿಲು ಏರುವುದನ್ನು ನೋಡುತ್ತಾ ಸುಮಾರು ಹೊತ್ತು ಕೂತಿದ್ದೆ.

ಮರುದಿನ ಪೂರ್ತಿ ಸ್ಕೇಲ್, ಅಂದರೆ ಅತಿ ದೊಡ್ಡ ಅಂಕಿ, ಬರೆದಾಗ ಶುರುವಾಯಿತು ತಲೆನೋವು. ಹೊರಗಿನ ರೆಫರೆನ್ಸ್ ಚಿಪ್ ಎಡಿಆರ್4525, ಅದರ ಪಿನ್ ಮೇಲೆ ಮೀಟರ್ ಇಟ್ಟರೆ ಸರಿಯಾಗಿ 2.5000. ಡ್ಯಾಕ್ ಔಟ್‌ಪುಟ್ ಮೇಲೆ ಇಟ್ಟರೆ 2.4984. ಒಂದೂವರೆ ಮಿಲಿವೋಲ್ಟ್ ಎಲ್ಲಿ ಹೋಯಿತು? ಅದು ನಲವತ್ತೊಂದು ಮೆಟ್ಟಿಲು! ಅರ್ಧ ಸ್ಕೇಲ್‌ನಲ್ಲಿ ನೋಡಿದೆ, ಅಲ್ಲೂ ಅದೇ ಪ್ರಮಾಣದಲ್ಲಿ ಕಮ್ಮಿ. ಬೆಸುಗೆ ಸರಿಯಿಲ್ಲ ಎಂದು ಮತ್ತೆ ಬೆಸುಗೆ ಹಾಕಿದೆ. ಗ್ರೌಂಡ್ ದಾರಿ ಸಣ್ಣದಾಯಿತೇನೋ ಎಂದು ದಪ್ಪ ತಂತಿ ಎಳೆದೆ. ಚಿಪ್ಪೇ ಕೆಟ್ಟಿದೆ ಎಂದು ಎರಡನೆಯದನ್ನು ಕೂರಿಸಿದೆ. ಅಂಕಿ ಕದಲಲಿಲ್ಲ.

ಎರಡನೇ ಸಂಜೆ, ಮೀಟರೇ ಸುಳ್ಳು ಹೇಳುತ್ತಿರಬಹುದು ಅನ್ನಿಸಿತು. ಇನ್ನೊಂದು ಕೈಮೀಟರ್ ತಂದು ಪಕ್ಕದಲ್ಲೇ ಅದೇ ಪಿನ್‌ಗೆ ಸಿಕ್ಕಿಸಿದೆ. ಎರಡನೆಯದು 2.4968 ಅಂದಿತು. ಮೊದಲನೆಯದರ ಕಡೆ ನೋಡಿದರೆ ಅದೂ 2.4968ಕ್ಕೆ ಇಳಿದು ಕೂತಿತ್ತು. ಎರಡನೆಯದರ ತಂತಿ ತೆಗೆದೆ, ಮತ್ತೆ 2.4984. ಸಿಕ್ಕಿಸಿದೆ, ಇಳಿಯಿತು. ಆಗ ತಲೆಗೆ ಹೊಳೆಯಿತು. ಆ ಒಂದೂವರೆ ಮಿಲಿವೋಲ್ಟ್ ತಿನ್ನುತ್ತಿದ್ದದ್ದು ಮೀಟರ್.

ಲೆಕ್ಕ ಸುಲಭ. ಏಣಿಯ ಔಟ್‌ಪುಟ್ ರೆಸಿಸ್ಟೆನ್ಸ್ 6.25 ಕಿಲೊಓಮ್, ಮಾಮೂಲಿ ಕೈಮೀಟರ್‌ನ ಇನ್‌ಪುಟ್ 10 ಮೆಗಾಓಮ್. ಎರಡೂ ಸೇರಿ ವೋಲ್ಟೇಜನ್ನು ಹಂಚಿಕೊಳ್ಳುವ ಒಂದು ಡಿವೈಡರ್ ಆಗುತ್ತದೆ, 625 ಪಿಪಿಎಂ (ಹತ್ತು ಲಕ್ಷದಲ್ಲಿ 625 ಪಾಲು) ಕಮ್ಮಿಯಾಗುತ್ತದೆ. 12 ಬಿಟ್‌ನ ಕೆಲಸದಲ್ಲಿ ಇದು ಮೂರು ಮೆಟ್ಟಿಲೂ ಆಗದು, ಕಣ್ಣಿಗೂ ಬೀಳದೆ ಹೋದೀತು. ರೆಸಿಸ್ಟೆನ್ಸ್ ಯಾವ ಕೋಡ್‌ನಲ್ಲೂ ಅಷ್ಟೇ ಇರುತ್ತದೆ, ಆದ್ದರಿಂದ ರೇಖೆ ಡೊಂಕಾಗುವುದಿಲ್ಲ, ಇಳಿಜಾರು ಮಾತ್ರ ಬದಲಾಗುತ್ತದೆ. ನನ್ನನ್ನು ದಾರಿ ತಪ್ಪಿಸಿದ್ದೂ ಅದೇ. ಡೊಂಕಾಗಿದ್ದರೆ ಬೇಗ ಅನುಮಾನ ಬರುತ್ತಿತ್ತು.

ಪರಿಹಾರ ಹೊರಗೆ ಒಂದು ಬಫರ್. ಒಪಿಎ388 ಎಂಬ ಆಪ್-ಆಂಪ್ (ಆಂಪ್ಲಿಫೈಯರ್ ಚಿಪ್) ಹಾಕಿದೆ, ಅದರ ಆಫ್‌ಸೆಟ್, ಅಂದರೆ ಅದು ತಾನಾಗಿ ಸೇರಿಸುವ ತಪ್ಪು, ಹೆಚ್ಚೆಂದರೆ 5 ಮೈಕ್ರೊವೋಲ್ಟ್. ಆದರೆ ಬಫರ್ ಬಂದರೆ ಹಳೆಯ ಸೊನ್ನೆಯ ಕಾಟವೂ ಜೊತೆಗೇ ಬರುತ್ತದೆ, ಅದರ ಕೆಳಗಿನ ಸಪ್ಲೈಯೂ ಗ್ರೌಂಡೇ ತಾನೇ? ಇದಕ್ಕೆಂದೇ ಎಲ್‌ಎಂ7705 ಎಂಬ ಸಣ್ಣ ಚಿಪ್ ಇದೆ, ಮೈನಸ್ 0.23 ವೋಲ್ಟ್ ಮಾಡಿಕೊಡುತ್ತದೆ. ಅದನ್ನು ಒಪಿಎ388ರ ಕೆಳಗಿನ ಸಪ್ಲೈಗೆ ಕೊಟ್ಟರೆ ಮುಗಿಯಿತು. ಮೇಲಿನ 5 ವೋಲ್ಟ್ ಸೇರಿಸಿದರೆ ಒಟ್ಟು 5.23, ಆ ಆಪ್-ಆಂಪ್‌ನ ಮಿತಿ 5.5. ಈಗ ಎಷ್ಟು ಮೀಟರ್ ಸಿಕ್ಕಿಸಿದರೂ ಅಂಕಿ ಅಲ್ಲಾಡುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಎಡಿ5541ಎ ತನ್ನ ರೆಫರೆನ್ಸ್‌ನಿಂದ ಎಳೆಯುವ ಕರೆಂಟ್ ಕೋಡ್ ಬದಲಾದಂತೆ ಬದಲಾಗುತ್ತದೆ. ರೆಫರೆನ್ಸ್ ಪಿನ್‌ಗೆ ಅಂಟಿದಂತೆ 10 ಮೈಕ್ರೊಫ್ಯಾರಡ್ ಮತ್ತು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಡಿ.

ಬಿಸಿಯ ಲೆಕ್ಕದಲ್ಲಿ ಡಿಎಸಿ8562ರ ಒಳಗಿನ ರೆಫರೆನ್ಸ್ ಕೂಡ ಕೆಟ್ಟದ್ದೇನಲ್ಲ. ಸಾಮಾನ್ಯವಾಗಿ 1 ಡಿಗ್ರಿಗೆ 4 ಪಿಪಿಎಂ. 16 ಬಿಟ್‌ನ ಒಂದು ಮೆಟ್ಟಿಲು 15 ಪಿಪಿಎಂ, ಹತ್ತು ಡಿಗ್ರಿ ಏರಿದರೆ ಎರಡೂವರೆ ಮೆಟ್ಟಿಲು ಜಾರಬಹುದು. ಎಡಿಆರ್4525ರ ಬಿ ದರ್ಜೆಯಲ್ಲಿ ಅದು ಹೆಚ್ಚೆಂದರೆ 1 ಡಿಗ್ರಿಗೆ 2 ಪಿಪಿಎಂ.

ಒಂದು ವಿಷಯದಲ್ಲಿ ಡಿಎಸಿ8562 ಗೆಲ್ಲುತ್ತದೆ. ಹೆಕ್ಸ್ 7ಎಫ್‌ಎಫ್‌ಎಫ್‌ನಿಂದ 8000ಕ್ಕೆ, ಅಂದರೆ ಸ್ಕೇಲ್‌ನ ಸರಿ ನಡುವನ್ನು, ದಾಟುವಾಗ ಎಲ್ಲ ಬಿಟ್‌ಗಳೂ ಒಟ್ಟಿಗೆ ಮಗುಚುತ್ತವೆ, ಔಟ್‌ಪುಟ್‌ನಲ್ಲಿ ಒಂದು ಚುಚ್ಚು ಕಾಣುತ್ತದೆ. ಆ ಗ್ಲಿಚ್ ಡಿಎಸಿ8562ರಲ್ಲಿ 0.1 ನ್ಯಾನೊವೋಲ್ಟ್-ಸೆಕೆಂಡ್, ಎಡಿ5541ಎಯಲ್ಲಿ 1.1. ವೇವ್‌ಫಾರ್ಮ್ ಮಾಡುವವರಿಗೆ ಇದು ದೊಡ್ಡ ವಿಷಯ. ಸೆಕೆಂಡಿಗೊಂದು ಮೆಟ್ಟಿಲು ಹತ್ತುವ ನನಗೆ ಏನೂ ಅಲ್ಲ.

20 ಬಿಟ್‌ನ ಎಡಿ5791 ಯಾಕಲ್ಲ ಅಂತೀರಾ? ಅದರ ಬೆಲೆ ನೋಡಿ ಪುಟ ಮುಚ್ಚಿದೆ. ರೆಫರೆನ್ಸ್‌ನ ಎರಡೂ ತುದಿಗೆ ಒಳ್ಳೆಯ ಬಫರ್‌ಗಳು ಬೇಕು, ಮತ್ತು ಅಷ್ಟು ಸಣ್ಣ ಮೆಟ್ಟಿಲನ್ನು ಅಳೆಯುವ ಮೀಟರೇ ನನ್ನ ಹತ್ತಿರ ಇಲ್ಲ.

ಎಡಿ5541ಎ ದಾರಿಯೂ ಅಗ್ಗವಲ್ಲ. ಒಂದು ಚಿಪ್‌ನ ಜೊತೆ ಇನ್ನು ಮೂರು ಚಿಪ್, ಒಂದೇ ಚಾನೆಲ್. ಬೋರ್ಡ್ ಬೇಗ ಮುಗಿಯಬೇಕು, ಎರಡು ಔಟ್‌ಪುಟ್ ಬೇಕು, ಸೊನ್ನೆಯ ಗೊಡವೆ ಇಲ್ಲ ಅನ್ನುವವರು ಡಿಎಸಿ8562 ತೆಗೆದುಕೊಳ್ಳಿ, ನಾನೇ ಹೇಳುತ್ತೇನೆ. ನನ್ನ ಡಬ್ಬಿ ಮಾತ್ರ ದಿನದ ಅರ್ಧ ಹೊತ್ತು 20 ಮಿಲಿವೋಲ್ಟ್‌ನ ಕೆಳಗೇ ಕೆಲಸ ಮಾಡುತ್ತದೆ.

ಉಳಿದ ಡಿಎಸಿ8562 ಬೋರ್ಡನ್ನು ಎಸೆದಿಲ್ಲ. ಒಂದು ಪವರ್ ಸಪ್ಲೈನ ಕಂಟ್ರೋಲ್ ಪಿನ್‌ಗೆ ಹಾಕಿದ್ದೇನೆ, 1ರಿಂದ 2 ವೋಲ್ಟ್ ಒಳಗೇ ಓಡಾಡಿಕೊಂಡಿದೆ. ಅಲ್ಲಿ ಅದಕ್ಕೆ ಸೊನ್ನೆಗೆ ಇಳಿಯುವ ಕೆಲಸವೇ ಇಲ್ಲ.